ಬಂದದ್ದೆಷ್ಟು, ಬಾರದೇ ಹೋದದ್ದೆಷ್ಟು

ಸೆಪ್ಟೆಂಬರ್ ಮುಗೀತಾ ಬಂತು ಅಂದ್ರೆ ನಮ್ಮ ಹಕ್ಕಿ ಗುಂಪಿನ ವಾಟ್ಸಾಪ್‌ಗೆ ಜೀವ ಬಂದುಬಿಡತ್ತೆ. ಯಾರೋ ಒಬ್ರು ಮನೆ ಹಿಂದಿನ ಮೋರಿ ಪಕ್ಕ ಬಾಲ ಕುಣಿಸ್ಕೊಂಡು ಓಡಾಡೋ ಬೂದು ಕುಂಡೆಕುಸ್ಕದ ಫೋಟೋ ಹಾಕ್ತಾರೆ, ಅಲ್ಲಿಂದ ಶುರು, ಕಂದು ಕಳಿಂಗ ಬಂತು, ಗುಲಾಬಿ ಕಬ್ಬಕ್ಕಿ ಹಿಂಡು ಬಂತು, ಕೆರೆಗೆ ಬಿಳಿಹುಬ್ಬಿನ ಬಾತು ಇಳೀತು, ಹೀಗೆ ಮಾರ್ಚ್‌ವರೆಗೂ ದಿನಾ ಬೆಳಿಗ್ಗೆ ಎದ್ದು ಫೋನ್ ನೋಡೋದೇ ಒಂದು ಖುಷಿ. ಕೆಲಸದ ಮಧ್ಯೆ ಕೆರೆಗೆ ಹೋಗೋಕಾಗದ ವಾರಗಳಲ್ಲಿ ಆ ಫೋಟೋಗಳೇ ನನಗೆ ಚಳಿಗಾಲ. ಅದಕ್ಕೇ ಮುಂದೆ ನಾನು ಬರೆಯೋದನ್ನ ಯಾರೂ ಫೋಟೋ ತೆಗೆಯೋರ ಮೇಲಿನ ದೂರು ಅಂದ್ಕೋಬೇಡಿ.

ಹೋದ ವರ್ಷ ನವೆಂಬರ್‌ನಲ್ಲಿ ಗುಂಪಿಗೆ ಹೊಸದಾಗಿ ಸೇರಿದ ಕಾಲೇಜು ಹುಡುಗ ಒಂದು ಪ್ರಶ್ನೆ ಕೇಳ್ದ. "ನಮ್ಮ ಕೆರೆಗೆ ಸೂಜಿಬಾಲದ ಬಾತು ಸಾಮಾನ್ಯವಾಗಿ ಯಾವಾಗ ಬರತ್ತೆ? ಎಷ್ಟು ಬರತ್ತೆ? ಈ ಸಲ ಒಂದೂ ಕಾಣ್ತಿಲ್ಲ, ಇದು ಮಾಮೂಲಾ?" ಅಂತ. ನೇರವಾದ ಪ್ರಶ್ನೆ. ಇನ್ನೂರು ಚಿಲ್ಲರೆ ಜನ ಇರೋ ಗುಂಪು, ಎಷ್ಟೋ ವರ್ಷದಿಂದ ಅದೇ ಕೆರೆ ಸುತ್ತೋರು, ಆದ್ರೆ ಒಬ್ಬರಿಂದಲೂ ಸರಿಯಾದ ಉತ್ತರ ಬರ್ಲಿಲ್ಲ. ಫೋಟೋಗಳು ಬಂದ್ವು. ಸೂರ್ಯೋದಯದ ಬೆಳಕಲ್ಲಿ ಈಜೋ ಜೋಡಿ, ರೆಕ್ಕೆ ಬಿಚ್ಚಿ ಇಳೀತಿರೋ ಗಂಡು, ಒಂದಕ್ಕಿಂತ ಒಂದು ಚೆಂದ. "ಮೊದ್ಲೆಲ್ಲಾ ತುಂಬಾ ಬರ್ತಿತ್ತು" ಅಂತ ಒಬ್ರು, "ಹೋದ ವರ್ಷಾನೂ ಇತ್ತಲ್ಲ" ಅಂತ ಇನ್ನೊಬ್ರು. ತುಂಬಾ ಅಂದ್ರೆ ಐವತ್ತಾ ಐನೂರಾ, ಇತ್ತು ಅಂದ್ರೆ ಯಾವ ತಿಂಗಳು, ಯಾರಿಗೂ ಗೊತ್ತಿಲ್ಲ. ಸಂಜೆ ಹೊತ್ತಿಗೆ ನಮ್ಮ ಗುಂಪಿನ ಹಿರಿಯರೊಬ್ರು, ಹೈಸ್ಕೂಲಲ್ಲಿ ವಿಜ್ಞಾನ ಹೇಳಿ ರಿಟೈರ್ ಆದೋರು, ನಾವೆಲ್ಲ ಮೇಷ್ಟ್ರು ಅಂತ ಕರೆಯೋರು, ಒಂದು ಹಳೇ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದ್ರು. ಗೆರೆ ಹಾಕಿದ ಕಾಲಂ, ತಾರೀಖು, ಬಾತಿನ ಹೆಸರು, ಸಂಖ್ಯೆ. ಕೆಲವು ಕಡೆ ಸೊನ್ನೆ. ಹೌದು, ಸೊನ್ನೆ ಅಂತಲೂ ಬರೆದಿದ್ರು. ಕೆಳಗೆ ಒಂದು ಸಾಲು: "ಕೋಡಿ ಬಿದ್ದ ವರ್ಷ ಇವು ಕಮ್ಮಿ. ಡಿಸೆಂಬರ್ ಕೊನೆವರೆಗೂ ಕಾಯಿರಿ."

ಅವತ್ತಿಂದ ಇದು ನನ್ನ ತಲೆಯಿಂದ ಹೋಗಿಲ್ಲ. ನಾವು ಹಕ್ಕಿ ಕಂಡಿದ್ದನ್ನ ಹಂಚಿಕೊಳ್ತೀವಿ, ಹಂಚಿಕೊಂಡ ಮೇಲೆ ದಾಖಲೆನೂ ಆಯ್ತು ಅಂತ ಸುಮ್ನಾಗ್ತೀವಿ. ಎರಡೂ ಒಂದೇ ಕೆಲಸ ಅಲ್ಲ. ಹಂಚಿಕೊಳ್ಳೋದು ಇವತ್ತಿನವರಿಗೆ, ಅದರಲ್ಲಿ ಅಪರೂಪದ್ದು ಮೇಲೆ ಬರತ್ತೆ, ಮಾಮೂಲಿದು ಕೆಳಗೆ ಹೋಗತ್ತೆ, ಇಲ್ಲದ್ದು ಬರೋದೇ ಇಲ್ಲ. ಬರೆದಿಡೋದು ಮುಂದೆ ಯಾವಾಗಲೋ ಕೇಳೋ ಯಾರಿಗೋ, ಅಲ್ಲಿ ಮಾಮೂಲಿ ಹಕ್ಕಿ ಮತ್ತೆ ಬಾರದ ಹಕ್ಕಿ ಎರಡಕ್ಕೂ ಅಪರೂಪದ ಹಕ್ಕಿಯಷ್ಟೇ ಬೆಲೆ.

ಏರಿ ಮೇಲೆ ಎಣಿಸೋದು

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯತ್ತೆ, 1987ರಿಂದ ನಡ್ಕೊಂಡು ಬಂದಿದೆ, ಅದರಲ್ಲಿ ಮೇಷ್ಟ್ರ ಜೊತೆ ಕೂತು ಎಣಿಸಿದ ಒಂದು ಬೆಳಿಗ್ಗೆ ಬಗ್ಗೆ ಬರೀಲೇಬೇಕು, ಯಾಕಂದ್ರೆ ಎಣಿಸೋದು ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದೇ ಅವತ್ತು. ಆರೂವರೆಗೆಲ್ಲ ಏರಿ ಮೇಲಿದ್ವಿ. ಮಂಜು ಇನ್ನೂ ನೀರಿನ ಮೇಲೇ ಇತ್ತು. ಮೇಷ್ಟ್ರು ತೂಬಿನ ಹತ್ರ ಸೂರ್ಯ ಬೆನ್ನಿಗೆ ಬರೋ ಹಾಗೆ ಜಾಗ ನೋಡ್ಕೊಂಡು ಸ್ಕೋಪ್, ಅಂದ್ರೆ ಸ್ಟ್ಯಾಂಡ್ ಮೇಲಿನ ದುರ್ಬೀನು, ನಿಲ್ಲಿಸಿದ್ರು. ಎದುರು ದಡದಲ್ಲಿ ಎಡಗಡೆ ಒಂದು ಹೊಂಗೆಮರ, ಬಲಗಡೆ ಪಂಪ್‌ಹೌಸು, ಇವೆರಡರ ಮಧ್ಯೆ ಮಾತ್ರ ಮೊದಲು, ಆಮೇಲೆ ಪಂಪ್‌ಹೌಸಿಂದ ಜೊಂಡಿನವರೆಗೆ. "ನೋಡಮ್ಮ, ಇಡೀ ಕೆರೆ ಒಟ್ಟಿಗೆ ನೋಡಿದ್ರೆ ಕಣ್ಣು ಸುಳ್ಳು ಹೇಳತ್ತೆ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯತ್ತೆ ಅಂತ ಒಂದ್ಸಲ ಎಣಿಸ್ಕೊ, ಆಮೇಲೆ ಹತ್ತತ್ತರ ಲೆಕ್ಕದಲ್ಲಿ ಸಾಗು" ಅಂದ್ರು. ನಾನು ಒಂದು ಸಲ, ಅವರು ಒಂದು ಸಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳದೆ ಬರ್ಕೋಬೇಕು, ಕೊನೆಗೆ ಹೋಲಿಸಬೇಕು.

ನಾಮದ ಕೋಳಿ ಸುಲಭ, ಕರೀ ಮೈ, ಹಣೆ ಮೇಲೆ ಬಿಳೀ ನಾಮ, ಎಲ್ಲಿದ್ರೂ ಗೊತ್ತಾಗತ್ತೆ. ಗುಳುಮುಳುಕ ಎಣಿಸೋದು ತಾಳ್ಮೆ ಕೆಲಸ, ಎರಡು ಮುಳುಗಿದ ಹೊತ್ತಿಗೆ ಮೂರು ಏಳತ್ತೆ. ಕಷ್ಟ ಆಗಿದ್ದು ಬಾತುಗಳು. ಬಿಳಿಹುಬ್ಬಿನ ಬಾತಿನ ಗಂಡಿಗೆ ಕಣ್ಣಿನ ಮೇಲೆ ಆ ಚೆಂದದ ಬಿಳಿ ಪಟ್ಟೆ ಇರತ್ತಲ್ಲ, ಅದನ್ನ ಹುಡುಕ್ತಾ ಹೋದ್ರೆ ಅರ್ಧ ಹಿಂಡು ಕೈ ತಪ್ಪತ್ತೆ. ಯಾಕಂದ್ರೆ ಬಾತುಗಳಲ್ಲಿ ಗಂಡು ಮರಿ ಮಾಡೋ ಕಾಲ ಮುಗಿದ ಮೇಲೆ ಗರಿ ಉದುರಿಸಿ ಹೆಣ್ಣಿನ ಥರಾನೇ ಮಾಸಲು ಕಂದು ಬಣ್ಣಕ್ಕೆ ತಿರುಗಿರತ್ತೆ, ನಮ್ಮ ಕಡೆ ಬಂದು ಇಳಿಯೋವಾಗ ಎಷ್ಟೋ ಗಂಡುಗಳು ಇನ್ನೂ ಆ ಬಣ್ಣದಲ್ಲೇ ಇರತ್ತೆ, ಬಣ್ಣ ತುಂಬ್ಕೊಳ್ಳೋದು ಚಳಿಗಾಲ ಕಳೀತಾ ಕಳೀತಾ. ಅದಕ್ಕೇ ಬಣ್ಣ ಬಿಟ್ಟು ಕೊಕ್ಕು ನೋಡು, ಕುತ್ತಿಗೆ ಉದ್ದ ನೋಡು, ಬಾಲ ನೋಡು ಅಂತಿದ್ರು ಮೇಷ್ಟ್ರು. ಚಪ್ಪಟೆ ಅಗಲ ಕೊಕ್ಕು ನೀರಿಗೆ ತಾಗಿಸ್ಕೊಂಡೇ ಈಜ್ತಿದ್ರೆ ಚಲುಕದ ಬಾತು. ಕುತ್ತಿಗೆ ತೆಳ್ಳಗೆ ಉದ್ದ, ಬಾಲ ಚೂಪಾಗಿ ಮೇಲಕ್ಕೆ ನಿಂತಿದ್ರೆ ಸೂಜಿಬಾಲದ್ದು.

ಮುಕ್ಕಾಲು ಕೆರೆ ಮುಗಿದಿತ್ತು, ಜೊಂಡಿನ ಕಡೆಯಿಂದ ಒಂದು ಜೌಗು ಸೆಳೆವ, ಬೇಟೆ ಹಕ್ಕಿ, ರೆಕ್ಕೆ ಎತ್ತರಿಸಿ ಹಿಡ್ಕೊಂಡು ತೇಲಿ ಬಂತು. ಬಾತುಗಳೆಲ್ಲ ಒಂದೇ ಸಲಕ್ಕೆ ಎದ್ದವು. ನಾಮದ ಕೋಳಿ ಮಾತ್ರ ಹಾರಲಿಲ್ಲ, ಸುತ್ತಲಿಂದ ಓಡೋಡಿ ಬಂದು ನಡುನೀರಲ್ಲಿ ಒತ್ತೊತ್ತಾಗಿ ಸೇರ್ಕೊಂಡು ಕಾಲಲ್ಲಿ ನೀರು ಚಿಮ್ಮಿಸ್ತಾ ನಿಂತವು, ಸೆಳೆವ ಅದರ ಮೇಲೆ ಎರಡು ಸುತ್ತು ಹಾಕಿ ಹೊರಟುಹೋಯ್ತು. ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಮೇಷ್ಟ್ರು ಅಷ್ಟೊತ್ತಿಗೆ ಹಳೇ ಲೆಕ್ಕಕ್ಕೆ ಗೆರೆ ಹೊಡೆದು ಹೊಸ ಪುಟ ತಿರುವಿದ್ರು. ಹೊಂಗೆಮರದಿಂದ ಮತ್ತೆ ಶುರು. ಅವತ್ತು ಸೂಜಿಬಾಲದ ಬಾತು ಒಂದೂ ಸಿಗಲಿಲ್ಲ. ಅವರು ಹೆಸರು ಬರೆದು ಮುಂದೆ ಸೊನ್ನೆ ಹಾಕಿದ್ರು.

ಯಾಕೆ ಬರ್ಲಿಲ್ಲ ಅನ್ನೋದಕ್ಕೆ ಅವರ ಹತ್ರ ಒಂದು ಊಹೆ ಇತ್ತು, ನನಗೂ ಅದು ಸರಿ ಅನ್ಸತ್ತೆ. ಇಂಥ ಬಾತುಗಳು ಮುಳುಗಿ ತಿನ್ನೋವಲ್ಲ, ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಕೊಕ್ಕಿಗೆ ಎಟುಕಿದಷ್ಟು ಆಳದಲ್ಲಿ ಮೇಯೋವು. ಅವಕ್ಕೆ ಮೊಣಕಾಲುದ್ದ ನೀರು, ಕಳೆ, ಕೆಸರು ಬೇಕು. ಮಳೆ ಜಾಸ್ತಿಯಾಗಿ ಕೆರೆ ಕೋಡಿ ಬಿದ್ದಾಗ ಆ ತೆಳುನೀರಿನ ಅಂಚೇ ಇರಲ್ಲ, ಹಕ್ಕಿಗಳು ಸುತ್ತಲಿನ ಹತ್ತು ಸಣ್ಣ ಹೊಂಡಗಳಿಗೆ ಹಂಚಿಹೋಗತ್ತೆ. ಅದು ಒಂದು ವರ್ಷದ ಮಾತು, ಮುಂದಿನ ವರ್ಷ ಸರಿಹೋಗಬಹುದು. ಸರಿಹೋಗದೇ ಇರೋದು ಇನ್ನೊಂದು. ಕೆರೆ ಅಭಿವೃದ್ಧಿ ಅಂತ ಹೂಳು ತೆಗೆಸಿ, ಸುತ್ತ ಕಡಿದಾದ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಟ್ರ್ಯಾಕ್ ಮಾಡ್ತಾರೆ, ತಟ್ಟೆಯ ಹಾಗಿದ್ದ ಕೆರೆ ಬಟ್ಟಲಿನ ಹಾಗಾಗತ್ತೆ. ನೀರು ವರ್ಷಪೂರ್ತಿ ನಿಲ್ಲತ್ತೆ, ನೋಡೋಕೆ ಚೆಂದ, ಆದ್ರೆ ಗದ್ದೆಗೊರವಕ್ಕೆ ಕಾಲಿಡೋಕೆ ಕೆಸರಿಲ್ಲ, ಬಾತಿಗೆ ಮೇಯೋಕೆ ಅಂಚಿಲ್ಲ. ಹಾಗಾಯ್ತು ಅಂತ ಅಧಿಕಾರಿಗಳ ಮುಂದೆ ಹೇಳೋದಕ್ಕೆ ಏನು ಬೇಕು? "ಮೊದ್ಲೆಲ್ಲಾ ತುಂಬಾ ಬರ್ತಿತ್ತು ಸಾರ್" ಅಂದ್ರೆ ಯಾರೂ ಬರ್ಕೊಳ್ಳಲ್ಲ. ಕೆಲಸ ಶುರುವಾಗೋ ಮೊದಲಿನ ಜನವರಿಗಳು, ಆದ ಮೇಲಿನ ಜನವರಿಗಳು, ಅದೇ ಹೊಂಗೆಮರದಿಂದ ಅದೇ ಜೊಂಡಿನವರೆಗೆ ಎಣಿಸಿದ ಅಂಕಿ ಇಟ್ರೆ ಮಾತು ಬೇರೆ.

ಪಟ್ಟಿಯಲ್ಲಿ ಇಲ್ಲದ್ದು

ಈಗ ನಮ್ಮಲ್ಲಿ ಹೆಚ್ಚಿನವರು ಕಂಡ ಹಕ್ಕಿಗಳ ಪಟ್ಟಿ ಏರಿಸೋ ಇ-ಬರ್ಡ್ ಆ್ಯಪ್ ಇಟ್ಕೊಂಡಿದ್ದಾರೆ. ಕಾರ್ನೆಲ್ ಪಕ್ಷಿವಿಜ್ಞಾನ ಲ್ಯಾಬ್‌ನವರು 2002ರಲ್ಲಿ ಶುರು ಮಾಡಿದ್ದು. ಆದ್ರೆ ಬಹಳ ಜನ ಅದನ್ನ ತಮ್ಮ ಲೈಫ್ ಲಿಸ್ಟ್, ಅಂದ್ರೆ ಜೀವನದಲ್ಲಿ ಕಂಡ ಜಾತಿಗಳ ಪಟ್ಟಿ, ಬೆಳೆಸೋಕೆ ಮಾತ್ರ ಬಳಸ್ತಾರೆ, ಹೊಸ ಹಕ್ಕಿ ಕಂಡ್ರೆ ಒಂದೇ ಒಂದು ಹೆಸರು ಹಾಕಿ ಸಬ್ಮಿಟ್ ಮಾಡ್ತಾರೆ. ಕೊನೆಗೆ ಅದು ಕೇಳೋ ಒಂದು ಪ್ರಶ್ನೆ ಇದೆ, ಗುರುತಿಸಿದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ. ನನ್ನ ಪ್ರಕಾರ ಇಡೀ ಆ್ಯಪ್‌ನಲ್ಲಿ ಮುಖ್ಯವಾದದ್ದು ಆ ಪ್ರಶ್ನೆ. ಹೌದು ಅಂತ ಒತ್ತಬೇಕಂದ್ರೆ ಕಾಗೆ, ಗೊರವಂಕ, ಹದ್ದು, ಪಾರಿವಾಳ ಎಲ್ಲಾನೂ ಬರೀಬೇಕು. ಆಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅವತ್ತು ಆ ಒಂದು ಗಂಟೆ ಆ ಒಂದು ಕಿಲೋಮೀಟರ್ ದಾರಿಯಲ್ಲಿ ಕಾಣ್ಲಿಲ್ಲ, ಕೇಳ್ಲಿಲ್ಲ ಅಂತ ಅರ್ಥ ಬರತ್ತೆ. ಇಲ್ಲಾಂದ್ರೆ ಇಲ್ಲದ್ದಕ್ಕೂ ಬರೆಯದೇ ಬಿಟ್ಟದ್ದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಎಷ್ಟು ಹೊತ್ತು ನೋಡಿದ್ವಿ, ಎಷ್ಟು ದೂರ ನಡೆದ್ವಿ ಅನ್ನೋದನ್ನ ಸೇರಿಸೋದೂ ಅದಕ್ಕೇ. ಹತ್ತು ನಿಮಿಷ ನಿಂತು ಬಾತು ಸಿಗಲಿಲ್ಲ ಅನ್ನೋದೂ, ಮೂರು ಗಂಟೆ ಸುತ್ತಿ ಸಿಗಲಿಲ್ಲ ಅನ್ನೋದೂ ಒಂದೇ ಅಲ್ಲವಲ್ಲ.

ಇಂಥ ಪಟ್ಟಿಗಳಿಂದ ಏನಾಗತ್ತೆ ಅಂತ ಕೇಳೋರಿಗೆ ನಾನು 2023ರಲ್ಲಿ ಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ತೋರಿಸ್ತೀನಿ. ಹಕ್ಕಿ ನೋಡೋ ಮೂವತ್ತು ಸಾವಿರ ಜನ ಬರೆದ ಸುಮಾರು 3 ಕೋಟಿ ದಾಖಲೆಗಳನ್ನ ಇಟ್ಕೊಂಡು 942 ಜಾತಿಗಳ ಸ್ಥಿತಿ ನೋಡಿದ್ದಾರೆ. ಲೆಕ್ಕದ ತಳಹದಿ ಸರಳ. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಈ ಹಕ್ಕಿ ಇದೆ, ಆ ಪಾಲು ವರ್ಷದಿಂದ ವರ್ಷಕ್ಕೆ ಏರ್ತಿದೆಯಾ ಇಳೀತಿದೆಯಾ. ದೀರ್ಘಕಾಲದ ಬದಲಾವಣೆ ಹೇಳೋಕೆ ಸಾಕಾಗೋಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ, ಅದರಲ್ಲಿ 204 ಜಾತಿ ಕಮ್ಮಿಯಾಗಿವೆ. ನೂರಕ್ಕೆ ಅರವತ್ತು. ಈ ಅಂಕಿ ಕೇಳಿ ಎಲ್ರೂ ಬೇಜಾರಾಗ್ತಾರೆ, ನನಗೂ ಆಯ್ತು, ಆದ್ರೆ ನನ್ನನ್ನ ಜಾಸ್ತಿ ಕಾಡಿದ್ದು ಇನ್ನೊಂದು ಅಂಕಿ. 942ರಲ್ಲಿ 338 ಕಳೆದ್ರೆ ಉಳಿದ ಆರುನೂರು ಚಿಲ್ಲರೆ ಜಾತಿಗಳ ಬಗ್ಗೆ ಹಳೇ ಕಾಲಕ್ಕೂ ಈಗಿಗೂ ಹೋಲಿಸಿ ಹೇಳೋಷ್ಟು ಯಾರೂ ಬರೆದಿಟ್ಟಿಲ್ಲ.

ಹಾಗಂತ ಬರೆದಿಟ್ಟೋರು ಇರಲೇ ಇಲ್ಲ ಅಂತಲ್ಲ, ಅದು ಎಲ್ಲರಿಗೂ ಸಿಗೋ ಕಡೆ ಇಲ್ಲ ಅಷ್ಟೇ. ಬೆಂಗಳೂರಲ್ಲಿ 1970ರ ದಶಕದಿಂದ ಹಕ್ಕಿ ನೋಡೋರ ಕೂಟ ಇದೆ, ಮೈಸೂರಿನವರು ಇಡೀ ಊರನ್ನ ಚೌಕ ಚೌಕ ಭಾಗ ಮಾಡಿಕೊಂಡು 2014ರಿಂದ 2016ರವರೆಗೆ ಹಕ್ಕಿ ಅಟ್ಲಾಸ್, ಅಂದ್ರೆ ಯಾವ ಹಕ್ಕಿ ಎಲ್ಲಿದೆ ಅನ್ನೋ ನಕ್ಷೆ, ಮಾಡಿದ್ದಾರೆ, ಅದು ಮಾದರಿ ಕೆಲಸ. ಆದ್ರೆ ಇವೆಲ್ಲದರ ಆಚೆ ಎಷ್ಟೋ ಮನೆಗಳ ಅಟ್ಟದ ಮೇಲೆ, ಟ್ರಂಕ್‌ನಲ್ಲಿ, ಮೇಷ್ಟ್ರ ಹತ್ರ ಇರೋವಂಥ ಪುಸ್ತಕಗಳಿವೆ. ಈಗ ಆ ಕಾಲೇಜು ಹುಡುಗ ಭಾನುವಾರ ಅವರ ಮನೆಗೆ ಹೋಗಿ ಒಂದೊಂದೇ ಪುಟ ಇ-ಬರ್ಡ್‌ಗೆ ಏರಿಸ್ತಿದ್ದಾನೆ, ಹಳೇ ದಾಖಲೆಗೂ ಅಲ್ಲಿ ಜಾಗ ಇದೆ, ಹೊತ್ತು ಗೊತ್ತಿಲ್ಲದಿದ್ರೆ ಹಾಗೇ ಹೇಳಿ ಹಾಕಬಹುದು. "ಗು.ಮು." ಅಂದ್ರೆ ಗುಳುಮುಳುಕ ಅಂತ ಅವನಿಗೆ ಈಗ ಗೊತ್ತು. ಗೊತ್ತಾಗದ್ದನ್ನ ಕೇಳೋಕೆ ಬರೆದವರು ಎದುರಿಗೇ ಕೂತಿದ್ದಾರೆ, ಅದು ದೊಡ್ಡ ಅದೃಷ್ಟ. ನಿಮ್ಮೂರಲ್ಲಿ ಇಂಥೋರು ಯಾರಾದ್ರೂ ಇದ್ರೆ ಇವತ್ತೇ ಹೋಗಿ ಕೇಳಿ.

ಕಿವಿಗೆ ಸಿಕ್ಕಿದ್ದು

ಫೋಟೋ ಇಲ್ಲದ ಹಕ್ಕಿಗೆ ನಮ್ಮ ಗುಂಪಲ್ಲಿ ಬೆಲೆ ಕಮ್ಮಿ. ಆದ್ರೆ ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಇರೋ ವಲಸೆ ಹಕ್ಕಿಗಳಲ್ಲಿ ಎಲ್ಲರ ಮನೆ ಹತ್ರನೂ ಇರೋವು, ಆದ್ರೂ ಯಾರೂ ನೋಡದೇ ಇರೋವು ಯಾವುದು ಗೊತ್ತಾ? ಉಲಿಯಕ್ಕಿಗಳು. ಲಂಟಾನ ಪೊದೆ ಒಳಗಿಂದ "ಟಕ್... ಟಕ್" ಅಂತ ಎರಡು ಸಣ್ಣ ಕಲ್ಲು ತಟ್ಟಿದ ಹಾಗೆ ಬರೋ ಸದ್ದು ಬ್ಲೈತನ ಜೊಂಡು ಉಲಿಯಕ್ಕಿದು. ಮರದ ಮೇಲಿಂದ ಚೂಪಾಗಿ "ಚಿಸ್ವಿ" ಅಂತ ಬಿದ್ದು ಎದ್ದ ಹಾಗೆ ಕೇಳಿದ್ರೆ ಹಸಿರು ಛಾಯೆಯ ಎಲೆ ಉಲಿಯಕ್ಕಿ. ಇವೆರಡೂ ಎಲ್ಲಿಂದ ಬರತ್ತೆ ಅಂತ ನೋಡಿದ್ರೆ ಮೈ ಜುಮ್ಮನ್ನತ್ತೆ, ಜೊಂಡು ಉಲಿಯಕ್ಕಿ ಮರಿ ಮಾಡೋ ಜಾಗ ಫಿನ್‌ಲ್ಯಾಂಡ್‌ವರೆಗೂ ಹರಡಿದೆ. ಹೆಬ್ಬೆರಳು ಗಾತ್ರದ್ದು, ಬಣ್ಣ ಅಂತ ಹೇಳೋಕೆ ಏನೂ ಇಲ್ಲ, ಪೊದೆ ಬಿಟ್ಟು ಹೊರಗೆ ಬರಲ್ಲ, ಕ್ಯಾಮೆರಾಗೆ ಸಿಗಲ್ಲ. ಸಿಗಲ್ಲ ಅಂತ ಪಟ್ಟಿಗೂ ಸೇರಲ್ಲ.

ನಾನು ಧ್ವನಿ ರೆಕಾರ್ಡ್ ಮಾಡೋಕೆ ಶುರು ಮಾಡಿದ್ದು ಇದಕ್ಕೇ. ದುಬಾರಿ ಮೈಕ್ ಬೇಕು ಅಂತಿಲ್ಲ, ಫೋನ್ ಸಾಕು, ಆದ್ರೆ ಸ್ವಲ್ಪ ಶಿಸ್ತು ಬೇಕು. ಫೋನಲ್ಲಿ ಬರೋ ಮಾಮೂಲಿ ರೆಕಾರ್ಡರ್ ಮನುಷ್ಯರ ಮಾತಿಗೆ ಅಂತ ಮಾಡಿದ್ದು, ಉಳಿದ ಸದ್ದನ್ನ ಗಲಾಟೆ ಅಂದ್ಕೊಂಡು ಅಳಿಸಿಬಿಡತ್ತೆ, ಆ ಗಲಾಟೆಯಲ್ಲೇ ನಮ್ಮ ಉಲಿಯಕ್ಕಿ ಇರತ್ತೆ. ಹಾಗಾಗಿ ಯಾವ ಫಿಲ್ಟರ್ ಇಲ್ಲದೆ ವೇವ್ ಫೈಲ್ ಉಳಿಸೋ ಆ್ಯಪ್ ಹಾಕ್ಕೋಬೇಕು. ಹಕ್ಕಿ ಕಡೆಗೆ ಮೈಕ್ ತಿರುಗಿಸಿ ಅಲ್ಲಾಡದೆ ನಿಲ್ಲಬೇಕು, ಫೋನಿನ ಮೇಲೆ ಬೆರಳು ಉಜ್ಜಿದ್ರೂ ಅದು ಗುಡುಗಿನ ಹಾಗೆ ಕೇಳತ್ತೆ. ಜರ್ಕಿನ್ ಹಾಕ್ಕೊಂಡು ಹೋಗಬೇಡಿ, ಒಂದೊಂದು ಉಸಿರಿಗೂ ಸರಸರ ಅನ್ನತ್ತೆ. ಕನಿಷ್ಠ ಅರ್ಧ ನಿಮಿಷ ರೆಕಾರ್ಡ್ ಆಗೋಕೆ ಬಿಟ್ಟು, ಹಕ್ಕಿ ಸುಮ್ಮನಾದ ಮೇಲೆ, ಮೆಲ್ಲಗೆ ತಾರೀಖು, ಹೊತ್ತು, ಜಾಗ, ಹಕ್ಕಿ ಕಂಡಿತಾ ಬರೀ ಕೇಳಿಸಿತಾ ಅಂತ ಬಾಯಲ್ಲೇ ಹೇಳಬೇಕು. ಈ ಕೊನೆ ಮಾತು ಬಹಳ ಮುಖ್ಯ. ಫೈಲಿನ ಹೆಸರು ಬದಲಾಗಬಹುದು, ಫೋನ್ ಹಾಳಾಗಬಹುದು, ಧ್ವನಿ ಒಳಗೇ ಇರೋ ವಿವರ ಅದನ್ನ ಬಿಟ್ಟು ಹೋಗಲ್ಲ.

ಒಂದು ಫೆಬ್ರವರಿ ಬೆಳಿಗ್ಗೆ ನಾನು ಕಾಲುವೆ ಪಕ್ಕದ ಬೇಲಿ ಹತ್ರ ನಿಂತಿದ್ದೆ. ಅದೇ ಟಕ್ ಟಕ್ ಬರ್ತಿತ್ತು, ರೆಕಾರ್ಡ್ ಒತ್ತಿ ಸುಮ್ನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಸದ್ದು ಬದಲಾಯ್ತು. ಟಕ್ ಅನ್ನೋದರ ಮಧ್ಯೆ ಮಧ್ಯೆ ಸಿಳ್ಳೆ ಸೇರ್ಕೊಳ್ತು, ಒಂದು ತುಣುಕು ಹಾಡೋದು, ನಿಲ್ಲಿಸೋದು, ಅದೇ ತುಣುಕನ್ನ ಮತ್ತೆ ಎರಡು ಸಲ ಹೇಳೋದು, ಆಮೇಲೆ ಇನ್ನೊಂದು. ಜೋರಾಗಿ ಅಲ್ಲ, ಗಂಟಲೊಳಗೇ, ಪಕ್ಕದಲ್ಲಿ ಸೈಕಲ್ ಹೋದ್ರೂ ಮುಚ್ಚಿಹೋಗೋ ಅಷ್ಟು ಸಣ್ಣಗೆ. ಈ ಹಕ್ಕಿ ಹಾಡೋದು ಮರಿ ಮಾಡೋ ಊರಲ್ಲಿ, ರಾತ್ರಿ ಹೊತ್ತು ಕೂಡ ಹಾಡತ್ತಂತೆ, ಆದ್ರೆ ವಾಪಸ್ ಹೊರಡೋ ಕಾಲ ಹತ್ರ ಬಂದಾಗ ಇಲ್ಲೂ ಹೀಗೆ ಒಳಗೊಳಗೇ ಶುರು ಮಾಡತ್ತೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ಅದರ ಸೋನೋಗ್ರಾಮ್, ಅಂದ್ರೆ ಸದ್ದಿನ ಚಿತ್ರ, ನೋಡ್ದೆ, ಟಕ್ ಅನ್ನೋದೆಲ್ಲ ನೆಟ್ಟಗೆ ನಿಂತ ಗೆರೆ, ಸಿಳ್ಳೆಗಳೆಲ್ಲ ಬಾಗಿದ ಗೆರೆ, ಕೆಳಗಡೆ ಉದ್ದಕ್ಕೂ ದಪ್ಪ ಪಟ್ಟಿ, ಅದು ಪಂಪ್‌ಸೆಟ್. ಪಂಪ್‌ಸೆಟ್ ಸದ್ದು ತೆಗೆದು ಹಾಕು ಅಂದ್ರು ಒಬ್ರು. ತೆಗೀಲಿಲ್ಲ, ತೆಗೀಬಾರದು ಅನ್ನೋದು ನನ್ನ ನಿಲುವು. ಡಿಸೆಂಬರ್‌ನಲ್ಲಿ ಧನುರ್ಮಾಸದ ಮೈಕ್ ಸೆಟ್ಟು, ಜನವರಿಯಲ್ಲಿ ಒಕ್ಕಣೆ ಮೆಷಿನ್ನು, ಇವೆಲ್ಲ ಆ ಹಕ್ಕಿ ಬದುಕಿದ ಜಾಗದ ಸದ್ದು. ಇನ್ನು ಮೂವತ್ತು ವರ್ಷ ಬಿಟ್ಟು ಕೇಳೋರಿಗೆ ಹಕ್ಕಿಯಷ್ಟೇ ಅದೂ ಬೇಕಾಗತ್ತೆ. 2005ರಲ್ಲಿ ಶುರುವಾದ ಝೀನೋ-ಕ್ಯಾಂಟೋದಂಥ ಧ್ವನಿ ಸಂಗ್ರಹಗಳಲ್ಲೂ ಗಲಾಟೆ ಇರೋ ಧ್ವನಿಗೆ ಬಾಗಿಲು ಮುಚ್ಚಿಲ್ಲ, ಗುಣಮಟ್ಟಕ್ಕೆ ಒಂದು ದರ್ಜೆ ಕೊಡ್ತಾರೆ ಅಷ್ಟೇ.

ಇಲ್ಲೊಂದು ಮಾತು ಸೇರಿಸ್ಬೇಕು. ಮೆರ್ಲಿನ್ ಆ್ಯಪ್ ಈಗ ಧ್ವನಿ ಕೇಳಿ ಹೆಸರು ಹೇಳತ್ತೆ, ಕಲಿಯೋಕೆ ಬಹಳ ಒಳ್ಳೇದು, ನಾನೂ ಬಳಸ್ತೀನಿ. ಆದ್ರೆ ಅದು ಹೇಳಿದ್ದನ್ನೆಲ್ಲ ಹಾಗೇ ಪಟ್ಟಿಗೆ ಇಳಿಸೋ ಅಭ್ಯಾಸ ಶುರುವಾಗಿದೆ, ಅದು ತಪ್ಪು. ಎಲೆಹಕ್ಕಿ ಬೇರೆ ಹತ್ತು ಹಕ್ಕಿಗಳ ದನಿ ಅಣಕಿಸತ್ತೆ, ಕಾಜಾಣ ಶಿಕ್ರಾ ಅನ್ನೋ ಬೇಟೆ ಹಕ್ಕಿಯ ಹಾಗೆ ಕೂಗತ್ತೆ, ಫೋನಿಗೆ ಅದೆಲ್ಲ ಗೊತ್ತಾಗಲ್ಲ. ಅದು ಒಂದು ಹೆಸರು ಸೂಚಿಸಿದ್ರೆ ನೀವು ಹುಡುಕಿ ನೋಡಿ, ಇಲ್ಲಾ ರೆಕಾರ್ಡಿಂಗ್ ಜೊತೆಗೇ ಹಾಕಿ, ಬೇರೆಯವರು ಕೇಳಿ ಹೇಳ್ಲಿ.

ಎಲ್ಲಿದೆ ಅಂತ ಹೇಳಬೇಕಾ

ಹಂಚಿಕೊಳ್ಳೋದ್ರಿಂದ ಹಕ್ಕಿಗೆ ಪೆಟ್ಟು ಬಿದ್ದಿದ್ದನ್ನೂ ನೋಡಿದ್ದೀನಿ. ಊರಾಚೆ ಒಂದು ಹುಲ್ಲುಗಾವಲು, ಅಲ್ಲಿಗೆ ಒಂದು ಚಳಿಗಾಲ ವಲಸೆ ಗೂಬೆಯೊಂದು ಬಂತು, ನೆಲದ ಮೇಲೆ ಹುಲ್ಲಿನ ಬುಡದಲ್ಲೇ ಹಗಲೆಲ್ಲ ಕೂತಿರೋ ಜಾತಿ. ಯಾರೋ ಮ್ಯಾಪ್ ಪಿನ್ ಸಮೇತ ಹಾಕಿದ್ರು. ಶನಿವಾರ ಬೆಳಿಗ್ಗೆ ನಾವು ಹೋಗೋ ಹೊತ್ತಿಗೆ ಕಾರುಗಳ ಸಾಲು, ಹುಲ್ಲಿನ ಮಧ್ಯೆ ಜನ ಸಾಲಾಗಿ ನಡ್ಕೊಂಡು ಬರ್ತಿದ್ರು, ಹಾರೋ ಫೋಟೋ ಬೇಕಲ್ಲ. ಗೂಬೆ ಎದ್ದು ನೂರು ಮೀಟರ್ ಆಚೆ ಕೂರೋದು, ಅಲ್ಲಿಗೂ ಜನ. ಮೂರನೇ ಸಲ ಎದ್ದಾಗ ಕಾಗೆಗಳು ಕಂಡುಬಿಟ್ವು. ಹಗಲಲ್ಲಿ ಬಯಲಲ್ಲಿ ಸಿಕ್ಕ ಗೂಬೆಗೆ ಕಾಗೆ ಏನು ಮಾಡತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ವಾರದ ಮೇಲೆ ಅದು ಅಲ್ಲಿ ಕಾಣ್ಲಿಲ್ಲ. ಗೂಬೆಗಳ ವಿಷಯದಲ್ಲಿ ಇನ್ನೊಂದು ಭಯವೂ ಇದೆ, ಮಾಟ ಮಂತ್ರ ಅಂತ ಹಿಡಿದು ಮಾರೋ ಜನ ನಮ್ಮ ದೇಶದಲ್ಲಿ ಇದ್ದಾರೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ ಆದ್ರೂ ನಿಂತಿಲ್ಲ.

ಇಂಥ ಹಕ್ಕಿಯನ್ನ ಬರೆದಿಡ್ಲೇಬಾರದು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಬರೀರಿ, ಜಾಗ, ಹೊತ್ತು, ಸಂಖ್ಯೆ ಎಲ್ಲಾ ಬರೀರಿ, ಆದ್ರೆ ಅವತ್ತೇ ಎಲ್ಲರಿಗೂ ಕಾಣಬೇಕಾಗಿಲ್ಲ. ಇ-ಬರ್ಡ್ ತಾನೇ ಕೆಲವು ಜಾತಿಗಳ ನಿಖರ ಜಾಗ ಮುಚ್ಚಿಡತ್ತೆ, ಉಳಿದದ್ದಕ್ಕೆ ಪಟ್ಟಿನೇ ಬಚ್ಚಿಡಬಹುದು, ಸೀಸನ್ ಮುಗಿದ ಮೇಲೆ ತೆಗೀಬಹುದು. ವಾಟ್ಸಾಪ್‌ಗೆ ತಾಲ್ಲೂಕಿನ ಹೆಸರು ಸಾಕು. ಸೆಳೆವಗಳು ರಾತ್ರಿ ಒಟ್ಟಿಗೆ ತಂಗೋ ಹುಲ್ಲುಗಾವಲು, ಗೂಡು, ಹಗಲು ಗೂಬೆ ಕೂರೋ ಮರ, ಈ ಮೂರನ್ನ ನಾನಂತೂ ಯಾರು ಕೇಳಿದ್ರೂ ಪಿನ್ ಹಾಕಲ್ಲ. ಹಾಗೇ ಸ್ಪೀಕರ್‌ನಲ್ಲಿ ಹಕ್ಕಿ ಧ್ವನಿ ಹಾಕಿ ಕರೆಯೋದೂ ಬೇಡ. ರೆಕಾರ್ಡ್ ಮಾಡಿದ ಧ್ವನಿನ ಅದೇ ಹಕ್ಕಿಗೆ ತಿರುಗಿಸಿ ಕೇಳಿಸಿದ್ರೆ ಅದಕ್ಕೆ ಎದುರಾಳಿ ಬಂದ ಹಾಗೆ, ಮೇಯೋದು ಬಿಟ್ಟು ಜಗಳಕ್ಕೆ ಬರತ್ತೆ.

ಶಿರಹಟ್ಟಿ ಕಡೆಯ ಮಾಗಡಿ

ನಮ್ಮ ಕಡೆಯವರಿಗೆ ಮಾಗಡಿ ಅಂದ್ರೆ ಬೆಂಗಳೂರು ಪಕ್ಕದ ಮಾಗಡಿ, ಆದ್ರೆ ಹಕ್ಕಿ ನೋಡೋರಿಗೆ ಮಾಗಡಿ ಅಂದ್ರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯೋ ಜಾಗ, 2024ರಲ್ಲಿ ಪ್ರಪಂಚದ ಮುಖ್ಯ ಜೌಗು ಜಾಗಗಳ ರಾಮ್‌ಸಾರ್ ಪಟ್ಟಿಗೂ ಸೇರಿತು, ಅದೇ ಸಲ ಅಂಕಸಮುದ್ರ, ಅಘನಾಶಿನಿನೂ ಸೇರಿದ್ವು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರೋ ಹಕ್ಕಿ, ಏಳು ಸಾವಿರ ಮೀಟರ್‌ಗೂ ಮೇಲೆ ಹಾರಿದ್ದನ್ನ ಉಪಕರಣ ಕಟ್ಟಿ ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರ ಅಂಕಿ ಬರೆದ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. ಇಲ್ಲಿ ಯಾರೋ ಸ್ಕೋಪ್‌ನಲ್ಲಿ ಆ ಕೋಡ್ ಓದಿ ಬರ್ಕೊಂಡು ತಿಳಿಸಿದ್ದರಿಂದ ಅಲ್ಲಿ ಪಟ್ಟಿ ಹಾಕಿದವರಿಗೆ ತಮ್ಮ ಹಕ್ಕಿ ಎಲ್ಲಿಗೆ ಹೋಯ್ತು ಅಂತ ಗೊತ್ತಾಗತ್ತೆ. ಹಂಚಿಕೊಳ್ಳೋದೂ ಬರೆದಿಡೋದೂ ಒಂದಾದ್ರೆ ಹೇಗಿರತ್ತೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೇ ಉದಾಹರಣೆ ಗೊತ್ತಿಲ್ಲ.

ನಾವು ಹೋದಾಗ ಹೊಲದಲ್ಲಿ ಒಬ್ರು ರೈತರು ಸಿಕ್ಕಿದ್ರು. ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು ಕತ್ತಲಾಗ್ತಾ ಹೊಲಕ್ಕೆ ಬಂದು ಮೇಯತ್ತೆ, ಇವರದ್ದು ಕಡಲೆ ಹೊಲ. ಬೆಳೆ ಹಾಳಾಗಲ್ವಾ ಅಂತ ಕೇಳ್ದೆ. "ಮೇಯತಾವ್ರೀ ಅಕ್ಕಾರ. ನಾವೂ ಹೆಂಗೂ ಕಡ್ಲಿ ಕುಡಿ ಚೂಟತೀವಿ, ಅವು ಒಂದೀಟ್ ಹೆಚ್ಚ ಚೂಟತಾವ" ಅಂದ್ರು. ಯಾವಾಗ ಬಂದ್ವು ಅಂದಿದ್ದಕ್ಕೆ ಒಂದು ಕ್ಷಣ ಯೋಚನೆನೂ ಮಾಡ್ಲಿಲ್ಲ. "ಈ ಸಲ ದೀಪಾವಳಿ ಆಗಿ ಹದಿನೈದ್ ದಿನಕ್ಕ ಬಂದ್ವು. ಹೋದ್ ವರ್ಷ ತಡಾ ಮಾಡಿದ್ವು, ಎಳ್ಳಮಾಸಿ ಹತ್ರ ಬಂದಿತ್ತು. ಅದರ ಹಿಂದಿನ ವರ್ಷ ಕೆರಿ ಒಣಗಿತ್ತಲ್ರಿ, ಬಂದು ಎರಡ್ ದಿನ ಇದ್ದು ಹೋದ್ವು." ನಾನು ಪಂಚಾಂಗ ನೋಡಿ ತಾರೀಖಿಗೆ ತಿರುಗಿಸಿ ಬರ್ಕೊಂಡೆ. ಇವರಪ್ಪನ ಕಾಲದ್ದೂ ಹೀಗೇ ಹೇಳ್ತಿದ್ರು ಅನ್ಸತ್ತೆ, ಯಾರೂ ಕೂತು ಕೇಳಿಲ್ಲ.

ಆಮೇಲೆ ಅವರು ನನ್ನನ್ನ ಕೇಳಿದ್ರು, "ನಮ್ಮೂರ ಸಣ್ ಕೆರಿ ಐತೇನ್ರಿ ನಿಮ್ ಫೋನಿನಾಗ?" ಅಂತ. ತೆಗೆದು ನೋಡ್ದೆ. ಎಲ್ಲರೂ ಬಂದು ಹೋಗೋ ದೊಡ್ಡ ಕೆರೆಗೆ ಪಟ್ಟಿ ಮೇಲೆ ಪಟ್ಟಿ ಇತ್ತು, ಅಲ್ಲಿಂದ ಸ್ವಲ್ಪ ದೂರದ ಅವರ ಊರಿನ ಕೆರೆಗೆ ಏನೂ ಇಲ್ಲ. ಕರ್ನಾಟಕದ ಮ್ಯಾಪ್ ತೆರೆದು ನೋಡಿದ್ರೆ ಹೀಗೇ, ಬೆಂಗಳೂರು, ಮೈಸೂರು, ಘಟ್ಟದ ಕಡೆ ಒತ್ತಾಗಿ, ಉತ್ತರದ ಬಯಲು ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು. ಹಕ್ಕಿ ಇಲ್ಲ ಅಂತಲ್ಲ, ನೋಡಿ ಬರೆಯೋರು ಹೋಗಿಲ್ಲ. ನಾವು ಸಂಜೆ ಅಲ್ಲಿಗೆ ಹೋಗಿ ಪಟ್ಟಿ ಮಾಡಿದ್ವಿ, ಅವರ ಒಂಬತ್ತನೇ ಕ್ಲಾಸ್ ಮಗಳು ಜೊತೆಗೆ ಬಂದ್ಲು, ಅರ್ಧ ಹಕ್ಕಿ ನಮಗಿಂತ ಮೊದಲು ಅವಳೇ ತೋರಿಸಿದ್ಲು. ಅಪ್ಪನ ಫೋನಿಗೆ ಆ್ಯಪ್ ಹಾಕಿಕೊಟ್ವಿ, ಎಲ್ಲಾ ಹಕ್ಕಿ ಬರೀಬೇಕು, ಇಲ್ಲದ ದಿನಾನೂ ಬರೀಬೇಕು ಅಂತ ಹೇಳಿದ್ವಿ.

ಒಂದು ವಿಷಯ ಅವಳಿಗೆ ಒತ್ತಿ ಹೇಳಿದ್ದೆ. ಹೆಬ್ಬಾತು ಬಂದ ತಾರೀಖು ಎಲ್ಲರ ಹತ್ರ ಇರತ್ತೆ, ಹೋದ ತಾರೀಖು ಯಾರ ಹತ್ರನೂ ಇರಲ್ಲ. ಬಂದಾಗ ಹೊಸದು, ಎಲ್ಲರೂ ಓಡಿಹೋಗಿ ನೋಡ್ತೀವಿ, ಮಾರ್ಚ್ ಬಿಸಿಲು ಏರಿದ ಹಾಗೆ ಕೆರೆ ಕಡೆ ಹೋಗೋದೇ ನಿಲ್ಲಿಸ್ತೀವಿ, ಕೊನೇ ಹಕ್ಕಿ ಯಾವತ್ತು ಎದ್ದು ಹೋಯ್ತು ಅಂತ ಯಾರೂ ನೋಡಿರಲ್ಲ. ಮಾರ್ಚ್ ಕೊನೆಗೆ ಅವಳಿಂದ ಪಟ್ಟಿಗಳು ಬಂದ್ವು, ಸಾಲಾಗಿ, ಹೆಬ್ಬಾತಿನ ಮುಂದಿನ ಅಂಕಿ ದಿನದಿಂದ ದಿನಕ್ಕೆ ಇಳೀತಾ ಬಂದು ಒಂದು ಕಡೆ ಸೊನ್ನೆ, ಮಾರನೇ ದಿನವೂ ಸೊನ್ನೆ, ಅದರ ಮಾರನೇ ದಿನವೂ. ಫೋನ್ ಮಾಡಿ, ನಿಂಗೆ ಪರೀಕ್ಷೆ ಇತ್ತಲ್ಲಮ್ಮ, ಹೇಗೆ ಹೋದೆ ದಿನಾ ಅಂತ ಕೇಳ್ದೆ. "ಕೆರಿ ಸಾಲಿ ದಾರಿಯಾಗ ಐತ್ರಿ ಅಕ್ಕಾರ" ಅಂದ್ಲು.